ಇಂದುಮತಿ ಟೀಚರ ಕಾಲು

ಶನಿವಾರ ಎಲ್ಲ ಶಾಲೆಗಳಲ್ಲೂ ಮಣಿಕಟ್ಟಿನ ಕೈಪಟ್ಟಿ ಅದಲುಬದಲು ಮಾಡುವ ದಿನ. ಪಟ್ಟಿ ಕಟ್ಟಿಕೊಂಡರೆ ತರಗತಿಯ ಅತಿ ತುಂಟ ಮಗುವಿನ ಮೈಗೆ ಅನಿಸುವುದೆಲ್ಲ ಟೀಚರಿಗೆ ಬರುತ್ತದೆ, ಟೀಚರದು ಮಗುವಿಗೆ.

ಇಂದುಮತಿ ಟೀಚರು ಕಸ್ತೂರಿಯ ಪಟ್ಟಿ ಕಟ್ಟಿಕೊಂಡರು. ಪಕ್ಕದವರ ಜಡೆ ಎಳೆದು, ಬೆಂಚು ಹತ್ತಿ ಕುಣಿಯುವ ಹುಡುಗಿ ಅವಳು. ಮಗ್ಗಿ ಹೇಳಿಸಲು ಕುಳಿತ ಟೀಚರಿಗೆ ಕಾಲೊಳಗೆ ಇರುವೆ ಹರಿದಂತಾಯಿತು. ಫ್ಯಾನು ಕಿರುಗುಟ್ಟಿತು, ಕಿಟಕಿಯಲ್ಲಿ ಅಳಿಲು ಓಡಿತು, ಮಗ್ಗಿ ಅರ್ಧಕ್ಕೇ ಮರೆತುಹೋಯಿತು. ಅವರು ಎದ್ದು ಮೇಜಿನ ಸುತ್ತ ಓಡತೊಡಗಿದರು. ಮಕ್ಕಳು ಹೋ ಎಂದರು.

“ಸುಮ್ಕಿರ್ರಲೇ, ತಲಿ ಸಿಡಿಯಾಕ್ಹತ್ತೈತಿ,” ಎಂದು ಟೀಚರ ತಲೆನೋವು ಹೊತ್ತು ಕುಳಿತಿದ್ದ ಕಸ್ತೂರಿ ಹಣೆ ಒತ್ತಿಕೊಂಡಳು.

ಗದ್ದಲ ಕೇಳಿ ಬಂದ ಹೆಡ್ ಮೇಡಂ ದಿನಾ ಕಸ್ತೂರಿಗೆ ಬೈಯುವ ಅಭ್ಯಾಸದಂತೆ ಓಡುತ್ತಿದ್ದ ಟೀಚರನ್ನೇ ಗದರಿದರು. “ಒಂದ್ಕಡೆ ಸುಮ್ನ ಕೂಡಾಕ ಏನ್ ಧಾಡಿ?”

ಕಸ್ತೂರಿ ಎದ್ದು ನಿಂತಳು.

“ಟೀಚರಿಗೆ ಬೈಬ್ಯಾಡ್ರಿ ಮೇಡಂ. ಅವರು ಬೇಕಂತ ಓಡಾಕ್ಹತ್ತಿಲ್ರಿ. ಅವು ನನ್ನ ಕಾಲ್ರಿ.”