ಗರಡಿ ಕಾಗದ

"ಹೆಬ್ಬೆಟ್ಟು ಒತ್ತಿದೆಯೋ ಇಲ್ಲವೋ? ಒಂದೇ ಮಾತು ಹೇಳು," ಎಂದರು ಅಮಲ್ದಾರರು.

ಕಚೇರಿಗೆ ಹೊತ್ತು ತಂದ ಕದದ ಹಲಗೆಯ ಮೇಲೇ ಬೋರಲಿಂಗಯ್ಯ ಮಲಗಿದ್ದ. ಮುರಿದ ತೊಡೆಗೆ ಬಿದಿರ ದಬ್ಬೆ ಕಟ್ಟಿತ್ತು. ಹೆಂಡತಿ ಮಾಯಮ್ಮನ ಮುಖ ನೋಡಿದ.

"ಗ್ಯಾಪ್ಕ ಇಲ್ಲ ಬುದ್ದಿ. ಸಂಬಳದ ದಿನ ಒತ್ತು ಅಂತಾರೆ, ಒತ್ತೀನಿ. ಅದ್ರಾಗೆ ಇದೂ ಒಂದು ಇದ್ರೂ ಇರಬೌದು."

ಮಾಯಮ್ಮ ಹಲ್ಲು ಕಚ್ಚಿದಳು. ಈ ಮನುಷ್ಯನಿಗೆ ಸುಳ್ಳು ಹೇಳಲೂ ಬಾರದಲ್ಲ!

ಅಮಲ್ದಾರರ ಕೈಯಲ್ಲಿದ್ದ ಕಾಗದದಲ್ಲಿ ಬರೆದಿದ್ದುದು ಎರಡೇ ಸಾಲು. 'ಗರಡಿಗೆ ನನ್ನ ಸ್ವಂತ ಇಷ್ಟದಿಂದ ಹೋಗುತ್ತೇನೆ. ಕೈಕಾಲು ಮುರಿದರೆ ಸಾಹುಕಾರರು ಹೊಣೆಯಲ್ಲ.' ಕೆಳಗೆ ಎಡ ಹೆಬ್ಬೆಟ್ಟು.

ಸ್ವಂತ ಇಷ್ಟವಂತೆ! ಕನಕಪುರದ ತಮ್ಮ ರೇಷ್ಮೆ ಕಾರ್ಖಾನೆಯ ಅಂಗಳದಲ್ಲಿ ಗರಡಿ ಕಟ್ಟಿಸಿದ್ದು ಸಾಹುಕಾರ್ ರುದ್ರಯ್ಯನವರೇ. ಮೈಸೂರಿನ ದಸರಾ ಕುಸ್ತಿಯಲ್ಲಿ ತಮ್ಮ ಆಳುಗಳು ಗೆಲ್ಲಬೇಕು, ತಮ್ಮ ಹೆಸರು ಮೆರೆಯಬೇಕು. ಬೆಳಿಗ್ಗೆ ಗರಡಿಗೆ ಬಾರದವನಿಗೆ ಅಂದು ಕೆಲಸವಿಲ್ಲ. ಹದಿನೆಂಟು ವರ್ಷ ಕುದಿಯುವ ನೀರಿನ ಬಾಂಡ್ಲಿಗೆ ಕೈ ಅದ್ದಿ ರೇಷ್ಮೆಗೂಡಿನಿಂದ ನೂಲು ತೆಗೆದವನು ಬೋರಲಿಂಗಯ್ಯ. ಒಲೆಯಿಂದ ಇಳಿದ ಮುದ್ದೆಯನ್ನು ಆರುವ ಮೊದಲೇ ಮುರಿದು ನುಂಗುತ್ತಿದ್ದ. ಅವನೂ ಗರಡಿಗೆ ಹೋದ. ಹಗ್ಗ ಹತ್ತುವಾಗ ಮೇಲಿನ ತೊಲೆಯೇ ಮುರಿದು ಮೈಮೇಲೆ ಬಿತ್ತು.

ಈಗ ಈ ಕಾಗದವೇ ನಿಜವೆಂದಾದರೆ ಪರಿಹಾರವೂ ಇಲ್ಲ, ಇರುವ ಕಾರ್ಖಾನೆಯ ಮನೆಯೂ ಇಲ್ಲ. ಶನಿವಾರಕ್ಕೆ ಖಾಲಿ ಮಾಡಬೇಕೆಂದು ಆಗಲೇ ಹೇಳಿಕಳಿಸಿದ್ದರು.

ಗರಡಿಯ ಉಸ್ತಾದ್ ಖಾಸಿಂ ಎದೆ ಸೆಟೆಸಿ ನಿಂತಿದ್ದ. "ತೊಲೆಗೆ ಗೆದ್ದಲು ಹತ್ತೈತೆ ಅಂತ ಮೂರು ಸಲ ಹೇಳ್ದೆ ಸಾಬ್. ದಸರಾ ಕಳೀಲಿ ಅಂದ್ಬುಟ್ರು ಸಾವ್ಕಾರ್ರು."

ರುದ್ರಯ್ಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಅಡಿಕೆ ಕತ್ತರಿಸುತ್ತಿದ್ದರು. ಎಡ ಹೆಬ್ಬೆರಳಲ್ಲಿ ಹಿಂದೊಮ್ಮೆ ಅಡಕತ್ತರಿ ಕಚ್ಚಿದ ಗುರುತಿತ್ತು. ಈಗ ಹುಷಾರಾಗಿ ಕತ್ತರಿಸುತ್ತಿದ್ದರು.

"ತೊಲೆಗೆ ಗೆದ್ದಲು ಹಿಡಿದಿರಬೌದು ಸ್ವಾಮಿ. ಕಾಗದಕ್ಕೆ ಹಿಡಿದಿಲ್ವಲ್ಲ!"

ಕಚೇರಿಯಲ್ಲಿ ಇಬ್ಬರು ಮೂವರು ನಕ್ಕರು. ಮಾಯಮ್ಮ ಸೆರಗು ಸಿಕ್ಕಿಸಿ ಎದ್ದಳು.

"ಆ ಕಾಗ್ದ ಒಸಿ ತೋರ್ಸಿ ಬುದ್ದಿ."

"ನಿಂಗೆ ಓದಕ್ಕೆ ಬತ್ತದೇನವ್ವ?" ಎಂದರು ರುದ್ರಯ್ಯ.

"ಓದಕ್ ಬರಕಿಲ್ಲ ಸಾವ್ಕಾರ್ರೆ. ನೋಡಕ್ ಬತ್ತದೆ."

ನೋಡಿದಳು. ಎರಡು ಸಾಲಿನ ಕಾಗದವನ್ನು ಬಹಳ ಹೊತ್ತು ನೋಡಿದಳು.

"ಇದ ನನ್ ಗಂಡ ನಿಮ್ಮೆದುರ್ಗೇ ಒತ್ತುದ್ನಾ ಸಾವ್ಕಾರ್ರೆ?"

"ನನ್ ಕಣ್ಣಾರೆ ಕಂಡಿವ್ನಿ. ಮಾದಪ್ಪನಾಣೆ."

"ಆ ಮಾತ ಬರ್ಕಳಿ ಬುದ್ದಿ."

ಅಮಲ್ದಾರರು ಬರೆದುಕೊಂಡರು. ಬೋರಲಿಂಗಯ್ಯ ಹಲಗೆಯಿಂದಲೇ ಗೊಣಗಿದ. "ಬುಡಮ್ಮಿ, ದೊಡ್ಡೋರ ಸಾವಾಸ ಯಾಕೆ..."

"ನೀ ಸುಮ್ಕಿರು. ಕೈ ಒಂದು ಕೊಡು ಸಾಕು." ಮಾಯಮ್ಮ ಅಮಲ್ದಾರರ ಕಡೆ ತಿರುಗಿದಳು. "ಇನ್ನೊಂದು ಕಿತ ಒತ್ತುಸ್ಕಳಿ ಬುದ್ದಿ. ಇದ್ರ ಪಕ್ಕದಾಗೇ."

"ಒತ್ತಿಸಿ, ಒತ್ತಿಸಿ! ನಾನೇನು ಬ್ಯಾಡ ಅಂದ್ನಾ?" ರುದ್ರಯ್ಯ ಅಡಿಕೆ ಹೋಳನ್ನು ಬಾಯಿಗೆಸೆದುಕೊಂಡರು.

ಗುಮಾಸ್ತ ಬೋರಲಿಂಗಯ್ಯನ ಎಡ ಹೆಬ್ಬೆರಳಿಗೆ ಮಸಿ ಬಳಿದು ಒತ್ತಿಸಿದ. ಕಾಗದದ ಮೇಲೆ ಒಂದು ಕಪ್ಪು ಬೊಟ್ಟು ಮೂಡಿತು. ಗೆರೆಯಿಲ್ಲ, ಸುಳಿಯಿಲ್ಲ. ಮಸಿ ಹೆಚ್ಚಾಯಿತೆಂದು ಒರೆಸಿ ಮತ್ತೆ ಒತ್ತಿಸಿದ. ಮತ್ತೆ ಅದೇ ನುಣ್ಣನೆ ಬೊಟ್ಟು.

ಮಾಯಮ್ಮ ತನ್ನ ಹೆಬ್ಬೆರಳನ್ನೂ ಎತ್ತಿ ಹಿಡಿದಳು. "ನಂದೂ ಹಿಂಗೇಯ. ಬಾಂಡ್ಲಿ ಮುಂದೆ ಕುಂತೋರ ಗೆರೆ ಎಲ್ಲಾ ಬೆಂದೋಗವೆ ಬುದ್ದಿ. ಬಿಸಿನೀರು ಮುಟ್ಟದೆ ಇರೋರ್ಗೆ ಅದೆಂಗೆ ಗೊತ್ತಾದಾತು?"

ಅಮಲ್ದಾರರು ಸಾಹುಕಾರರ ಕಾಗದವನ್ನು ಬೆಳಕಿಗೆ ಹಿಡಿದರು. ಅಲ್ಲಿ ಮೊದಲೇ ಇದ್ದ ಹೆಬ್ಬೆಟ್ಟಿನಲ್ಲಿ ಗೆರೆಗಳು ಆಗತಾನೇ ಉತ್ತ ಹೊಲದ ಸಾಲುಗಳ ಹಾಗೆ ಎದ್ದಿದ್ದವು. ನಟ್ಟನಡುವೆ ಅಡ್ಡಲಾಗಿ, ಬದುವಿನಂತೆ, ಒಂದು ಬಿಳಿಯ ಕಚ್ಚು.

ಅಡಕತ್ತರಿಯ ಸದ್ದು ನಿಂತಿತು.

"ರುದ್ರಯ್ಯನವರೇ," ಅಮಲ್ದಾರರು ಮಸಿಯ ಬಟ್ಟಲನ್ನು ಅತ್ತ ತಳ್ಳಿದರು, "ಎಲ್ಲಿ, ನಿಮ್ಮ ಎಡಗೈ ಕೊಡಿ."