ಬಾಯಿ ಸೈರನ್

ಟೀವಿಯಲ್ಲಿ ಹಳೆಯ ಕಳ್ಳನೊಬ್ಬ ಯುದ್ಧದ ನಡುವೆ ಪತ್ತೇದಾರನಾಗಿ ಗೆದ್ದ. ಸಿನಿಮಾ ಮುಗಿದ ಐದೇ ನಿಮಿಷಕ್ಕೆ, ಕುವೈತಿನ ಹವಲ್ಲಿಯ ಫ್ಲ್ಯಾಟಿನಲ್ಲಿ ಅದನ್ನು ನೋಡುತ್ತಿದ್ದವನು ಕಳ್ಳನಾಗಿ ನಿಂತ.

"ಪುರಂದರ, ನನ್ನ ಚೈನು?" ಮಲಗುವ ಕೋಣೆಯ ಬಾಗಿಲಲ್ಲಿ ಲಿಜ್ಜಿ ಕೇಳಿದಳು. "ಮಂಚದ ಮೇಲಿಟ್ಟಿದ್ದೆ. ಕಪಾಟಿನ ಬೀಗ ರಿಪೇರಿಗೆ ಅಂತ ಈ ರೂಮಿಗೆ ಬಂದದ್ದು ನೀನೊಬ್ಬನೇ."

ಪುರಂದರನ ಕಿವಿ ಕೆಂಪಾಯಿತು. ಹದಿನಾರನೇ ವಯಸ್ಸಿನಲ್ಲಿ ಮಂಗಳೂರಿನಲ್ಲಿ ಕಂಡವರ ಬೀಗ ತೆರೆದು ಸಿಕ್ಕಿಬಿದ್ದವನು, ಈಗ ಕುವೈತಿನಲ್ಲಿ ಕರೆದವರ ಬೀಗ ಮಾತ್ರ ತೆರೆಯುತ್ತಿದ್ದ. ರಜೆಗೆ ಊರಿಗೆ ಹೋಗುವ ಇಪ್ಪತ್ತು ಮನೆಯವರು ಅವನ ಕೈಯಲ್ಲೇ ಕೀಲಿಕೈ ಬಿಟ್ಟುಹೋಗುತ್ತಿದ್ದರು. ಲಿಜ್ಜಿಯ ಈ ಮಾತು ಲಿಫ್ಟ್ ಇಳಿದರೆ ಸಾಕು, ಇಪ್ಪತ್ತೂ ವಾಪಸ್.

"ನನ್ನ ಜೇಬು ನೋಡಿ, ಅಕ್ಕ."

ಲಿಜ್ಜಿ ನೋಡಲಿಲ್ಲ. ಮುಖ ತಿರುಗಿಸಿದಳು. ಅದು ಇನ್ನೂ ಕೆಟ್ಟದಾಗಿತ್ತು.

ಆಗ ಪುರಂದರನ ಕಣ್ಣು ಕೋಣೆಯ ಮೂಲೆಗೆ ಹೋಯಿತು. ಕುರ್ಚಿಯಲ್ಲಿ ಲಿಜ್ಜಿಯ ಅತ್ತೆ ಡೊರೊತಿ ತೂಕಡಿಸುತ್ತಿದ್ದರು. ಅವರ ಬಲಗೈ ಮುಂಗೈವರೆಗೂ ಏನೋ ಪುಡಿ ಮೆತ್ತಿ ಬೆಳ್ಳಗಾಗಿತ್ತು. ತೊಂಬತ್ತರ ಯುದ್ಧದಲ್ಲಿ ಇಲ್ಲೇ ನರ್ಸ್ ಆಗಿದ್ದ ಆಂಟಿ, ಅವನು ಬಂದಾಗಲೆಲ್ಲ ಹೇಳುವ ಕಥೆ ಒಂದೇ: ಸೈರನ್ ಕೂಗಿದ್ದೇ ತಡ, ಬಂಗಾರವೆಲ್ಲ ಹಾಲಿನ ಪುಡಿಯ ಡಬ್ಬಿಯೊಳಗೆ. ಸಿನಿಮಾದಲ್ಲೂ ಸೈರನ್ ಕೂಗಿತ್ತು. ಆಗ ಅವನ ಕಣ್ಣೂ ಲಿಜ್ಜಿಯ ಕಣ್ಣೂ ಟೀವಿಯಲ್ಲಿತ್ತು.

"ಅಕ್ಕ, ಒಂದು ನಿಮಿಷ ಮಾತಾಡ್ಬೇಡಿ." ಪುರಂದರ ಎರಡೂ ಅಂಗೈಯನ್ನು ಬಾಯಿಗೆ ಹಿಡಿದ. "ಊಂ... ಊಊಊಂ..."

ಡೊರೊತಿ ಧಡಕ್ಕನೆ ಎದ್ದರು. ಕಣ್ಣು ಅರ್ಧ ಮುಚ್ಚಿತ್ತು, ಕಾಲಿಗೆ ಮಾತ್ರ ದಾರಿ ಗೊತ್ತಿತ್ತು. ಮಂಚದ ಮೇಲೆ ಹೊಳೆಯುತ್ತಿದ್ದ ಪುರಂದರನ ಸ್ಕ್ರೂಡ್ರೈವರನ್ನೇ ಬಾಚಿಕೊಂಡು ಅಡುಗೆಮನೆಗೆ ಓಡಿ, ಹಾಲಿನ ಪುಡಿಯ ಡಬ್ಬಿಯಲ್ಲಿ ಮೊಣಕೈವರೆಗೂ ಹುಗಿದರು. ಕೈ ಹೊರಗೆ ಬಂದಾಗ ಕಿರುಬೆರಳಿಗೆ ಚೈನು ಸುತ್ತಿಕೊಂಡಿತ್ತು.

ಅವರು ಚೈನನ್ನು ನೋಡಿದರು. ಇನ್ನೂ ಅಂಗೈ ಇಳಿಸದೆ ನಿಂತಿದ್ದ ಪುರಂದರನನ್ನು ನೋಡಿದರು.

"ಅಯ್ಯೋ ದೇವಾ! ಯುದ್ಧ ಆಗ್ತಾ ಇರುದು ನಿನ್ನ ಬಾಯಲ್ಲಾ?"

ಲಿಜ್ಜಿ ಚೈನನ್ನು ದುಪಟ್ಟಾದಲ್ಲಿ ಒರೆಸಿದಳು. ಕೊರಳಿಗೆ ಹಾಕಿಕೊಳ್ಳಲಿಲ್ಲ. ಪುರಂದರನ ಅಂಗೈಯಲ್ಲಿಟ್ಟಳು.

"ಇದರ ಕೊಕ್ಕೆ ಸಡಿಲ ಉಂಟು. ಅಂಗಡಿಗೆ ತಕೊಂಡು ಹೋಗು. ನಿಧಾನಕ್ಕೆ ತಂದುಕೊಡು, ಅರ್ಜೆಂಟಿಲ್ಲ."

ಪುರಂದರ ನಕ್ಕ, ಲಿಜ್ಜಿಯೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಡೊರೊತಿ. ಬೋಳು ವಸಡು ಪೂರ್ತಿ ಕಾಣುವಂತೆ ನಕ್ಕು, ಹಾಲಿನ ಪುಡಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಹೇಳಿದರು:

"ಇನ್ನೊಮ್ಮೆ ಕೂಗು ಮಾರಾಯ! ಮೊನ್ನೆ ಊರಿಡೀ ಸೈರನ್ ಟೆಸ್ಟ್ ಮಾಡಿದ ಮೇಲೆ ನನ್ನ ಹಲ್ಲಿನ ಸೆಟ್ಟೂ ಕಾಣುದಿಲ್ಲ."