ಕೊಹಿನೂರ್ ಅಂಗಳದ ನೀರು

ಔಷಧಿ ಹಾಕಿದ ನೀರನ್ನು ಬಾಯಿಗೆ ಮುಟ್ಟಿಸುವುದಿಲ್ಲ ಎಂದು ಜೊಹೊರಾ ಬಾನು ಗಂಡ ಮೊತಾಲೆಬನಿಗೆ ಮಾತು ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಪ್ರವಾಹದ ವರ್ಷ ಯಾರೋ ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಸುರಿದು ಹೋಗಿದ್ದರು. ಚಹಾಕ್ಕೆಲ್ಲ ಅದರ ವಾಸನೆ ಹತ್ತಿ, ಮೊತಾಲೆಬನ ಚಹಾ ಅಂಗಡಿಯತ್ತ ವಾರಗಟ್ಟಲೆ ನೊಣವೂ ಸುಳಿಯಲಿಲ್ಲ. ಈಗ ಅವನಿಲ್ಲ. ಮಾತು ಮಾತ್ರ ಉಳಿದಿತ್ತು.

ಆ ಔಷಧಿಯೇ ನೀಲಿ ಪೆಟ್ಟಿಗೆಯೊಳಗೆ ಕೂತು ಅವಳ ಅಂಗಳದ ನಲ್ಲಿಗೇ ಬಂದಾಗ ಜೊಹೊರಾ ಪೊರಕೆ ಹಿಡಿದು ಎದುರು ನಿಂತಳು.

ಪೆಟ್ಟಿಗೆ ತಂದವಳು ತಹಮಿನಾ, ಢಾಕಾದ ಸಂಶೋಧನಾ ಸಂಸ್ಥೆಯೊಂದರ ಎಂಜಿನಿಯರ್. ಢಾಕಾ ಪಕ್ಕದ ಟೊಂಗಿಯ ಈ ಓಣಿಯಲ್ಲಿ ಅಂಗಳಕ್ಕೊಂದು ಪೆಟ್ಟಿಗೆ. ಕೆಲವಕ್ಕೆ ಕ್ಲೋರಿನ್, ಕೆಲವಕ್ಕೆ ಅಪಾಯವಿಲ್ಲದ ಬೇರೇನೋ. ಮಕ್ಕಳ ಭೇದಿ ಎಲ್ಲಿ ಕಡಿಮೆಯಾಗುತ್ತದೆ ಎಂದು ವರ್ಷವಿಡೀ ನೋಡಬೇಕು. ಯಾವುದರಲ್ಲಿ ಏನಿದೆ ಎಂದು ತನಗೂ ಹೇಳಿಲ್ಲ, ಹೇಳಿದರೆ ಪರೀಕ್ಷೆಯೇ ಕೆಟ್ಟಂತೆ ಎಂದು ಅವಳು ತಿಳಿಸಿದಳು.

ಜೊಹೊರಾ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. “ನಿಂಗೆ ಹೇಳಿಲ್ದಿದ್ರೇನಮ್ಮಾ, ನನ್ನ ನಾಲಿಗೆ ಹೇಳ್ತಿದೆ. ಏನೋ ಹುಳಿ. ಇದೇ ನಿಮ್ಮ ಔಷಧಿ.”

ಅದೇ ಅಂಗಳದ ಕೋಣೆಗಳಲ್ಲಿದ್ದ ಬಾಡಿಗೆಯವರು ಪೆಟ್ಟಿಗೆ ಬೇಕೆಂದು ಹಟ ಹಿಡಿದರು. ಪೆಟ್ಟಿಗೆ ಉಳಿಯಿತು. ಆದರೆ ತಾನಾಗಲಿ ಮೊಮ್ಮಗಳು ಟುನಿಯಾಗಲಿ ಆ ನಲ್ಲಿಯ ಹನಿಯನ್ನೂ ಮುಟ್ಟುವುದಿಲ್ಲ ಎಂದು ಜೊಹೊರಾ ಸಾರಿದಳು. ಕಳೆದ ಮಳೆಗಾಲ ಟುನಿ ಭೇದಿಯಾಗಿ ಕೈತಪ್ಪಿ ಹೋಗುವುದರಲ್ಲಿದ್ದಳು. ಮಾತೂ ಉಳಿಯಬೇಕು, ಮಗುವೂ ಉಳಿಯಬೇಕು. ಒಳ್ಳೆಯ ನೀರು ಎಲ್ಲಿಂದ ತರುವುದು?

ಎದುರು ಅಂಗಳದ ಕೊಹಿನೂರ್ ಬೀಬಿಗೂ ಅವಳಿಗೂ ಮದುವೆಯಾಗಿ ಬಂದಂದಿನಿಂದ ಎಣ್ಣೆ ಸೀಗೆಕಾಯಿ. ತನ್ನ ನಲ್ಲಿಗೆ ಕಟ್ಟಿದ್ದು ಬರೀ ಖಾಲಿ ಡಬ್ಬ, ತಾನು ಗದರಿಸಿದ್ದಕ್ಕೇ ಔಷಧಿ ಹಾಕಲಿಲ್ಲ ಎಂದು ಕೊಹಿನೂರ್ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಜೊಹೊರಾ ಹಲ್ಲು ಕಚ್ಚಿ ಕೊಡ ಎತ್ತಿಕೊಂಡು ಹೋದಳು.

“ಬಾ ಬಾ, ಮಹಾರಾಣಿ. ನೀರು ತಗೊಂಡ್ಹೋಗು. ಗತ್ತು ಮಾತ್ರ ಬಾಗಿಲಲ್ಲೇ ಬಿಟ್ಟು ಬಾ,” ಎಂದಳು ಕೊಹಿನೂರ್.

ದಿನವೂ ಇದೇ ಪಾಡು. ಜೊಹೊರಾ ಬೈಗುಳ ನುಂಗಿಕೊಂಡು ನೀರು ಹೊತ್ತು ತಂದು, ರಾತ್ರಿಯಿಡೀ ಮಣ್ಣಿನ ಕೊಡದಲ್ಲಿ ತಣಿಸಿ, ಬೆಳಿಗ್ಗೆ ಚಹಾ ಕಾಯಿಸುತ್ತಿದ್ದಳು. ಮೊತಾಲೆಬನ ಕೈಯ ಚಹಾದಂತೆಯೇ ಇದೆ ಎನ್ನಿಸುತ್ತಿತ್ತು.

ಮಳೆಗಾಲ ಬಂತು. ಬಾಡಿಗೆಯವರ ಮಕ್ಕಳು ಎಂದಿನಂತೆ ಹೊಟ್ಟೆ ಹಿಡಿದುಕೊಂಡು ಪಾಯಿಖಾನೆಗೆ ಓಡಿದರು. ಟುನಿ ಮಾತ್ರ ಗುಂಡುಗುಂಡಗೆ ಕೆಸರಲ್ಲಿ ಕುಣಿಯುತ್ತಿದ್ದಳು. ವಾರವಾರ ಮಕ್ಕಳ ಆರೋಗ್ಯ ಕೇಳಲು ಬರುತ್ತಿದ್ದ ತಹಮಿನಾಳನ್ನು ಜೊಹೊರಾ ಅಂಗಳದಲ್ಲೇ ನಿಲ್ಲಿಸಿಕೊಂಡು ಹಂಗಿಸುತ್ತಿದ್ದಳು. ತಹಮಿನಾ ಲೆಕ್ಕ ಬರೆದುಕೊಂಡು ಮುಂದಿನ ಅಂಗಳಕ್ಕೆ ನಡೆಯುತ್ತಿದ್ದಳು.

ವರ್ಷ ತುಂಬಿದ ದಿನ ತಹಮಿನಾ ನಗುನಗುತ್ತಾ ಬಂದಳು. ಪರೀಕ್ಷೆ ಗೆದ್ದಿದೆ, ಯಾವ ಪೆಟ್ಟಿಗೆಯಲ್ಲಿ ಏನಿತ್ತೆಂದು ತನಗೂ ಈಗ ತಿಳಿಸಿದ್ದಾರೆ, ಕ್ಲೋರಿನ್ ಕುಡಿದ ಮಕ್ಕಳಲ್ಲಿ ಭೇದಿ ಇಳಿದಿದೆ, ಇನ್ನು ಎಲ್ಲ ಅಂಗಳಕ್ಕೂ ಅದೇ ಎಂದಳು. ಜೊಹೊರಾ ಅವಳ ಕೈಗೆ ಚಹಾ ಕೊಟ್ಟು, ಟುನಿಯನ್ನು ಎಳೆದು ಮುಂದೆ ನಿಲ್ಲಿಸಿದಳು.

“ನೋಡು ಇವಳ್ನ. ನಿನ್ನ ಔಷಧಿ ಒಂದು ತೊಟ್ಟೂ ಕುಡ್ದಿಲ್ಲ. ಎಲ್ಲಾ ಕೊಹಿನೂರ್ ಮನೆ ನೀರು. ಈ ಚಹಾನೂ ಅದೇ. ಹೇಗಿದೆ ಹೇಳು?”

ತಹಮಿನಾ ನಿಧಾನವಾಗಿ ಒಂದು ಗುಟುಕು ಹೀರಿದಳು.

“ತುಂಬಾ ಚೆನ್ನಾಗಿದೆ, ಖಾಲಾ. ನಿಮ್ಮ ಪೆಟ್ಟಿಗೇಲಿ ಇದ್ದಿದ್ದು ಬರೀ ವಿಟಮಿನ್ ಸಿ. ಕ್ಲೋರಿನ್ ಇದ್ದಿದ್ದು ಕೊಹಿನೂರ್ ಖಾಲಾ ಅಂಗಳದಲ್ಲಿ.”

ಜೊಹೊರಾ ಗಂಡನಿಗೆ ಕೊಟ್ಟ ಮಾತು ಮುರಿದು ಒಂದು ವರ್ಷವಾಗಿತ್ತು.